ಡಬ್ಬಿಯೊಳಗಿನ ಕೂಗು

ಮಧ್ಯಾಹ್ನ ಹನ್ನೆರಡೂ ಕಾಲು. ನೀರಿನ ತೊಟ್ಟಿಯ ಕಡೆಯಿಂದ ಜಯಕ್ಕನ ಕೂಗು ಕೇಳಿಸಿತು. ಜಯಕ್ಕ ಮಾತ್ರ ಬಾಯಿ ಮುಚ್ಚಿಕೊಂಡು ಪೊದೆಗಿಡದ ಮರೆಯಲ್ಲಿ ಕುಳಿತಿದ್ದಳು. ಹುರ್ಯಾ, ಬಾಬಾಬಾ, ಬೋ — ಮೊದಲು ಸಣ್ಣದೊಂದು ಕೆಮ್ಮು, ಆಮೇಲೆ ಕೂಗು, ಬೋ ಎನ್ನುವಲ್ಲಿ ದನಿ ಸೀಳಿ ಎರಡಾಗುವುದು, ಅದರ ಬಾಲಕ್ಕೆ ಅಂಟಿಕೊಂಡ ಒಂದು ಸಾ, ಆ ಸಾ ಒಂದೇ ಅವಳದಲ್ಲ, ಮೈದುನ ಗಿರೀಶನ ಹೆಂಡತಿ ರಂಜಿತಾಳದು, ಸಾಕು ಅಕ್ಕ ಅಂತ ಅವತ್ತು ಅವಳು ಹೇಳುತ್ತಿದ್ದ ಹಾಗೇ ಕೂಗು ತುಂಬಿಕೊಳ್ಳುತ್ತಿದ್ದ ಫೋನು ನಿಂತುಹೋಗಿ ಸಾಕು ಅರ್ಧಕ್ಕೆ ತುಂಡಾಗಿತ್ತು, ಉಳಿದದ್ದೆಲ್ಲ ಜಯಕ್ಕನದೇ, ಕೆಮ್ಮೂ ಅವಳದೇ, ಹಿಂದಿನ ರಾತ್ರಿ ಒಲೆಯ ಹೊಗೆ ಕುಡಿದು ಬಂದ ಕೆಮ್ಮು, ಅದನ್ನಾದರೂ ತೆಗೆದುಹಾಕಬಾರದಿತ್ತೇ ಹುಡುಗಿ, ದಿನಾ ಕೆಮ್ಮಿ ಕೆಮ್ಮಿ ಕರೆಯುತ್ತದೆ ಆ ಕರಿ ಡಬ್ಬಿ, ಫೋನಿನ ಹಾಡು ಕೇಳುವ ಸ್ಪೀಕರು, ಚೊಂಬಿನಷ್ಟೂ ಇಲ್ಲ, ತೊಟ್ಟಿಯ ಕಟ್ಟೆಯ ಮೇಲೆ ನೀಲಿ ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ, ರಂಜಿತಾ ಏರಿಯ ಆಚೆ ಹೊಂಗೆ ಮರದ ನೆರಳಲ್ಲಿ ಕೂತು ಫೋನಿನ ಮೇಲೆ ಹೆಬ್ಬೆರಳು ಒತ್ತುತ್ತಾಳೆ, ಇಲ್ಲಿ ಜಯಕ್ಕ ಕೂಗುತ್ತಾಳೆ. ಅಗೋ, ಇಳಿಜಾರಿನಲ್ಲಿ ಕರಿ ತಲೆ ಎತ್ತಿತು. ಮಂದೆಗೆಲ್ಲ ಮುಂದಾಳು ಈ ಕರಿ, ಮುದಿ ಕುರಿ, ಮರಿಯಾಗಿದ್ದಾಗ ನಾಯಿ ಕಚ್ಚಿ ಎಡಗಿವಿ ತುದಿಯಿಂದ ಬುಡದವರೆಗೆ ಹರಿದಿದೆ, ತಾಯಿ ಸತ್ತ ಮರಿಗೆ ಜಯಕ್ಕನೇ ಸೀಸೆಯಲ್ಲಿ ಹಾಲು ಕುಡಿಸಿ, ಕಿವಿಗೆ ಅರಿಶಿನ ಎಣ್ಣೆ ಹಚ್ಚಿ ಉಳಿಸಿದ್ದು, ಅವಳ ಕೂಗು ಬಿದ್ದರೆ ಹರಿದ ಎರಡು ತುಂಡೂ ಬೇರೆ ಬೇರೆಯಾಗಿ ನೆಟ್ಟಗೆ ನಿಲ್ಲುತ್ತವೆ, ಈಗಲೂ ನಿಂತವು, ಡಬ್ಬಿಗೆ ನಿಂತವು.

ತಪ್ಪು ತನ್ನದೇ ಎಂದು ಅವಳ ಮನಸ್ಸು ಒಪ್ಪುವುದಿಲ್ಲ, ಒಪ್ಪುವ ಹತ್ತಿರ ಹೋಗಿ ತಿರುಗಿ ಬರುತ್ತದೆ — ಮಗಳು ಮಾನಸಳ ಬಾಣಂತನಕ್ಕೆ ಹಿರಿಯೂರಿಗೆ ಹೊರಡುವ ದಿನ, ಅಕ್ಕ, ನೀವಿಲ್ದಿದ್ರೆ ಇವು ನನ್ ಮಾತು ಕೇಳಲ್ಲ, ಒಂದ್ಸಲ ಕೂಗ್ರಿ, ಫೋನಿಗೆ ತುಂಬ್ಕಂತೀನಿ, ಅಂದಳು ರಂಜಿತಾ, ಕೂಗಿದರೆ ಇನ್ನೊಂದ್ಸಲ ಜೋರಾಗಿ ಕೂಗ್ರಿ ಅಕ್ಕ, ಮುಖದ ಹತ್ರ ಹಿಡಿಯಲ್ಲ, ಹೆದರ್ಬ್ಯಾಡ್ರಿ, ಅಂತ ನಕ್ಕಳು, ಜಯಕ್ಕನಿಗೆ ಎದೆ ಉಬ್ಬಿತ್ತು ಆವತ್ತು, ಹೊಳಲ್ಕೆರೆಯಲ್ಲಿ ಕಾಲೇಜು ಓದಿದವಳು, ಬಂದು ಎರಡು ವರ್ಷವಾದರೂ ಕುರಿಯ ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು ತನ್ನ ಕೂಗಿಗೆ ಕೈಯೊಡ್ಡಿ ನಿಂತಿದ್ದಾಳಲ್ಲ ಅಂತ, ಎರಡಲ್ಲ, ಮೂರು ಸಲ ಕೂಗಿ ಕೊಟ್ಟಳು, ಒಳ್ಳೆಯದನ್ನೇ ಆರಿಸಿಕೋ ಅಂದಳು. ಬಾಣಂತನ ಮುಗಿಸಿ ಹಿರೇಗುಂಟನೂರಿನ ಬಸ್ಸಿಳಿದು ಹಟ್ಟಿಗೆ ಬಂದರೆ ಗಂಡ ಜುಂಜಣ್ಣ ಮೊಮ್ಮಗುವಿನ ಸುದ್ದಿ ಕೇಳುವುದಕ್ಕೆ ಮುಂಚೆ ಡಬ್ಬಿಯ ಸುದ್ದಿ ಹೇಳಿದ, ಲೇ ಜಯ, ನೀನಿನ್ನು ಬಿಸ್ಲಾಗೆ ಅಲೀಬ್ಯಾಡ, ಮನೇಲಿರು, ಡಬ್ಬಿನೇ ಕೂಗ್ತೈತೆ, ಅದಕ್ಕೆ ಗಂಟ್ಲೂ ಒಣಗಲ್ಲ ಜ್ವರಾನೂ ಬರಲ್ಲ. ಒಳ್ಳೆಯ ಮಾತೇ. ಸೊಂಟ ಹಿಡಿದ ಹೆಂಡತಿಗೆ ಗಂಡ ಹೇಳಬೇಕಾದ ಮಾತೇ. ಅದು ಎಲ್ಲಿ ಚುಚ್ಚಿತೋ ಅಲ್ಲಿ ಇನ್ನೂ ಕೀವು ಕಟ್ಟಿದೆ, ಸಂಜೆ ಮಂದೆ ಹಟ್ಟಿಗೆ ಬಂದಾಗ ಇಪ್ಪತ್ತೈದು ವರ್ಷ ಅವಳ ಮುಖ ನೋಡಿ ಎಲ್ಲಾ ಬಂದ್ವೇನೇ ಅಂತ ಕೇಳುತ್ತಿದ್ದವನು ಈಗ ಅವಳ ತಲೆಯ ಮೇಲಿಂದ ಹಿಂದಕ್ಕೆ ನೋಡಿ ಎಲ್ಲಾ ಬಂದ್ವೇನಮ್ಮ ರಂಜಿತಾ ಅಂತಾನೆ, ಹೂಂ ಭಾವ, ಎಲ್ಲಾ ಬಂದ್ವು, ಅಂತಾಳೆ ಅವಳು, ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ಚಾರ್ಜಿಗೆ ಹಾಕುತ್ತಾಳೆ, ದೇವರ ಪಟದ ಪಕ್ಕವೇ ಇದೆ ಆ ಪ್ಲಗ್ಗು, ಜಯಕ್ಕ ದೀಪ ಹಚ್ಚಿ ಕೈ ಮುಗಿದರೆ ನೀಲಿ ಕಣ್ಣೂ ಮಿಟುಕುತ್ತದೆ, ಅದಕ್ಕೂ ಮುಗಿದ ಹಾಗಾಗುತ್ತದೆ. ಅಷ್ಟನ್ನೂ ನುಂಗುತ್ತಿದ್ದಳೇನೋ, ಆ ವಿಡಿಯೋ ಒಂದಿಲ್ಲದಿದ್ದರೆ. ಮತ್ತೋಡಿನಿಂದ ನಾದಿನಿ ದಾಕ್ಷಾಯಿಣಿ ಫೋನು ಮಾಡಿ, ಅತ್ತಿಗಿ, ನಿಮ್ ರಂಜಿತಾ ಒಂದ್ ಕೂಗಾಕಿದ್ರೆ ಇಡೀ ಮಂದೆ ಗುಡ್ಡ ಇಳಿದು ಓಡ್ ಬರ್ತೈತಲ್ರೀ, ನಮ್ಮೋರೆಲ್ಲ ನೋಡಿದ್ದೇ ನೋಡಿದ್ದು, ಏನ್ ಗಂಟ್ಲು ಕಣ್ರಿ ಆ ಹುಡ್ಗಿದು, ಅಂದಳು. ಆಮೇಲೆ ಜುಂಜಣ್ಣ ಊಟಕ್ಕೆ ಕೂತವನು ಎಡಗೈಯಲ್ಲಿ ಫೋನು ಹಿಡಿದು ತೋರಿಸಿದ, ರಂಜಿತಾ ಗಿಳಿಹಸಿರು ಸೀರೆ ಉಟ್ಟು, ಹಿಂದೆ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಾ, ಬಾಯಿಯ ಪಕ್ಕ ಅಂಗೈ ಒಡ್ಡಿಕೊಂಡು ಬಾಯಿ ತೆರೆದಳು, ಆ ಬಾಯಿಂದ ಜಯಕ್ಕ ಕೂಗಿದಳು, ಇಳಿಜಾರಿನಿಂದ ಕರಿ, ಕರಿಯ ಹಿಂದೆ ಎಲ್ಲವೂ, ಹರಿದ ಕಿವಿ ಎರಡು ತುಂಡಾಗಿ ನೆಟ್ಟಗೆ. ಕೆಮ್ಮು ಬಂದಾಗ ಕೆಮ್ಮುವವಳ ಹಾಗೆ ಎದೆಯನ್ನೂ ಮುಟ್ಟಿಕೊಂಡಿದ್ದಳು ರಂಜಿತಾ, ಅಭ್ಯಾಸ ಮಾಡಿದ್ದಾಳೆ. ಅದು ನನ್ ಕೂಗು ಅಂದಳು ಜಯಕ್ಕ. ಮನೇವ್ರದೇ ಅಲ್ವೇನೇ, ಯಾರ್ದಾದ್ರೇನು, ತಮಾಷೆಗೆ ಮಾಡೈತೆ ಹುಡ್ಗಿ, ಸಾರು ಹಾಕು, ಅಂದ ಜುಂಜಣ್ಣ, ಇನ್ನೊಂದು ಸಲ ಹಾಕಿ ನೋಡಿದ, ಹೆಂಡತಿಯ ದನಿ ಕೇಳುತ್ತಾ ತಮ್ಮನ ಹೆಂಡತಿಯ ಮುಖ ನೋಡಿ ನಕ್ಕ.

ಈಗ ಕುರಿಗಳು ಬಂದವು, ಬರುತ್ತಿವೆ, ಕಲ್ಲು ಉರುಳುವ ಸದ್ದು. ಅವಳು ಸೌದೆಗೆ ಅಂತ ಹೇಳಿ ಬಂದಿದ್ದಾಳೆ, ಮೊನ್ನೆಯೂ ಹಾಗೇ, ನಿನ್ನೆಯೂ ಹಾಗೇ, ಗಾಳಿ ಎದುರಿನಿಂದ ಬೀಸುವ ಮಗ್ಗುಲು ನೋಡಿ ಕೂತಿದ್ದಾಳೆ, ಮೈವಾಸನೆ ಅವುಗಳ ಮೂಗಿಗೆ ಹೋಗದ ಹಾಗೆ, ತಲೆಯ ಮೇಲೆ ಹಳೇ ಕಂಬಳಿ. ಮಾವ ಕಾಟಲಿಂಗಪ್ಪ ಇದ್ದಾಗ ಕಲಿಸಿದ್ದು ಇದು, ಬೇರೆಯವರ ಅವರೆ ಹೊಲಕ್ಕೆ ಕುರಿಗಳು ನುಗ್ಗುವ ರೂಢಿ ಬಿದ್ದರೆ ಹೊಡೆದು ಪ್ರಯೋಜನವಿಲ್ಲ, ಭಯ ಕಟ್ಟಬೇಕು, ಬದುವಿನ ಮರೆಗೆ ಕೂತಿರು, ಬರಲಿ, ಬಾಯಿ ಹಾಕೋವರ್ಗೂ ಬರಲಿ, ಆಗ ಕಂಬಳಿ ಹೊದ್ದು ಬಗ್ಗಿ ನುಗ್ಗು, ಮಾತಾಡ್ಬ್ಯಾಡ, ಮನುಷ್ಯರು ಅಂತ ತಿಳೀಬಾರ್ದು, ಮೂರು ಸಲ ಮಾಡು ಸಾಕು, ಆಯಸ್ಸು ಇರೋ ತನಕ ಆ ಕಡೆ ತಲೆ ಹಾಕಲ್ಲ ಅವು, ನೋಡವ್ವ. ನೋಡಿದ್ದಳು ಅವಳು. ಆ ಹೊಲದ ಬದು ಬಂದರೆ ಮಂದೆ ತಾನಾಗೇ ಬಳಸಿಕೊಂಡು ಹೋಗುತ್ತಿತ್ತು, ಮಾವ ಸತ್ತ ಮೇಲೂ. ಹಾಗೇ ಈ ಡಬ್ಬಿಯನ್ನೂ ಬಳಸಿಕೊಂಡು ಹೋಗಲಿ, ರಂಜಿತಾ ಹೆಬ್ಬೆರಳು ಒತ್ತಿ ಒತ್ತಿ ಸವೆಯಲಿ, ಗಿಳಿಹಸಿರು ಸೀರೆ ಉಟ್ಟು ಬಾಯಿ ತೆರೆದು ನಿಂತಿರಲಿ, ಒಂದು ಮರಿಯೂ ಬಾರದಿರಲಿ, ಅದನ್ನು ಹಾಕಲಿ ಫೋನಿಗೆ, ಮತ್ತೋಡಿನವರು ನೋಡಲಿ. ಕೆಮ್ಮು, ಹುರ್ಯಾ, ಬಾಬಾಬಾ, ಬೋ, ಸಾ. ತನ್ನ ದನಿಯನ್ನು ಹೊರಗಿನಿಂದ ಕೇಳಿದರೆ ಯಾರೋ ಬೇರೆ ಹೆಂಗಸಿನ ಹಾಗೆ, ಗಟ್ಟಿ ಹೆಂಗಸು, ಸೊಂಟ ನೋವಿಲ್ಲದವಳು, ಆ ಹೆಂಗಸಿನ ಮೇಲೂ ಹೊಟ್ಟೆ ಉರಿಯಿತು. ಕರಿ ತೊಟ್ಟಿಗೆ ಹತ್ತು ಮಾರು, ಐದು, ಕತ್ತು ಚಾಚಿದೆ, ಮೊನ್ನೆಯ ನಿನ್ನೆಯ ಹೆದರಿಕೆಗೆ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತದೆ, ಬಾಯಾರಿದೆ ಪಾಪ, ಡಬ್ಬಿ ಮತ್ತೆ ಕೂಗಿತು, ಕಿವಿ ನಿಂತವು — ಎದ್ದಳು ಜಯಕ್ಕ, ಕಂಬಳಿಯೊಳಗೆ ಬಗ್ಗಿ ಕೈ ನೆಲಕ್ಕೆ ಊರಿ ನುಗ್ಗಿದಳು, ಒಂದು ಹಿಡಿ ಗರಸು ಮಣ್ಣು ಎರಚಿದಳು, ಸೊಂಟ ಕಳಕ್ಕೆಂದಿತು, ಮಂದೆ ನಡುವೆ ಒಡೆದು ಎರಡಾಗಿ ಗುಡ್ಡಕ್ಕೆ ಏರಿತು, ಮರಿಗಳ ಅರಚಾಟ, ದೂಳು, ಮಂದೆಯ ನಾಯಿ ಬಂದು ಅವಳ ಗುರುತು ಹಿಡಿದು ಬಾಲ ಅಲ್ಲಾಡಿಸಿತು, ಹೋಗೋ ಹೋಗೋ ಅಂತ ಕೈಯಲ್ಲೇ ಅಟ್ಟಿದಳು, ಡಬ್ಬಿ ಮಾತ್ರ ಹೆದರದೆ ಕೂಗುತ್ತಲೇ ಇತ್ತು.

ಏರಿಯ ಆಚೆಯಿಂದ ರಂಜಿತಾಳ ದನಿ, ಮೂರ್ ದಿನದಿಂದ ಹಿಂಗೇ ಭಾವ, ಇಲ್ಲೀವರ್ಗೂ ಬರ್ತಾವೆ, ಎಗರಿ ಓಡ್ತಾವೆ, ಜೋಗಿಮಟ್ಟಿ ಕಾಡಿನ ಕಡೆಯಿಂದ ಚಿರತೆ ಏನಾರ ಬಂದೈತೇನೋ — ಅಂದರೆ ಜುಂಜಣ್ಣನೂ ಬಂದಿದ್ದಾನೆ, ಬೈಕಿನ ಸದ್ದು ಕೇಳಲೇ ಇಲ್ಲವಲ್ಲ, ಜಯಕ್ಕ ಗಿಡದೊಳಕ್ಕೆ ಸರಿದಳು. ಹಗಲೊತ್ತು ಎಂಥ ಚಿರತೇನಮ್ಮ, ಆ ಡಬ್ಬಿ ಕೆಟ್ಟೈತೆ, ಆರಿಸು ಅತ್ಲಾಗಿ, ಫೋನ್ ಮಾಡಿ ನಮ್ ಜಯನ್ನೇ ಕರಿ, ಅವಳು ಕೂಗಿದ್ರೇ ಬರಾದು ಇವು, ಅಂದ ಗಂಡ. ಅವಳು ಕೂಗಿದ್ರೇ ಬರಾದು. ಬಾಯಲ್ಲಿ ಬೆಲ್ಲ ಇಟ್ಟ ಹಾಗೆ ಆ ಮಾತನ್ನು ಹೊರಳಿಸುತ್ತಿರುವಾಗಲೇ ಮಡಿಲಲ್ಲಿ ಫೋನು ಗುರ್ರೆಂದು ನಡುಗಿತು, ಪುಣ್ಯಕ್ಕೆ ಮಾನಸಳ ಮಗು ಮಲಗುವಾಗ ದನಿ ತೆಗೆದಿಟ್ಟದ್ದು ಹಾಗೇ ಇತ್ತು, ಅದನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು, ಅದು ನಿಲ್ಲುವವರೆಗೆ, ಹೆರಿಗೆ ನೋವು ತಡೆಯುವವಳ ಹಾಗೆ. ಕಂಬಳಿ ಮಡಿಸಿ ಗಿಡದ ಬುಡಕ್ಕೆ ತುರುಕಿದಳು, ಮೊದಲೇ ಕಟ್ಟಿಟ್ಟಿದ್ದ ಸೌದೆ ಹೊರೆ ಹೊತ್ತುಕೊಂಡು ಹಳ್ಳದ ದಾರಿ ಬಳಸಿ ಏರಿ ಹತ್ತಿದಳು, ನಿಧಾನಕ್ಕೆ, ಏನೂ ಗೊತ್ತಿಲ್ಲದವಳ ನಡಿಗೆ. ಅಕ್ಕಾ, ಬಂದ್ರಾ, ಎಷ್ಟೊತ್ತಿಂದ ಫೋನ್ ಮಾಡ್ತಿದೀನಿ, ನೀವೇ ಕೂಗ್ರಿ ಅಕ್ಕ, ನನ್ ಕೈಲಿ ಆಗಲ್ಲ, ಬೆಳಗ್ಗೆಯಿಂದ ನೀರು ಮುಟ್ಟಿಲ್ಲ ಅವು, ರಂಜಿತಾಳ ಕಣ್ಣಲ್ಲಿ ನೀರು, ನಿಜವಾದ ನೀರು, ಅದನ್ನು ನೋಡಿ ಜಯಕ್ಕನಿಗೆ ತಂಪಾಯಿತು, ಕೂಗು ನಿನ್ನ ಗಂಟ್ಲಾಗೇ ಐತಂತಲ್ಲವ್ವ, ಮತ್ತೋಡಿನೋರು ಹೇಳ್ತಿದ್ರು, ಅಂದೇಬಿಟ್ಟಳು. ಹುಡುಗಿ ತಲೆ ತಗ್ಗಿಸಿದಳು. ಆಯ್ತು ಬಿಡೇ, ಈಗ ಕೂಗು, ಅಂದ ಜುಂಜಣ್ಣ. ಅವಳು ಅವಸರ ಮಾಡಲಿಲ್ಲ. ಹೊರೆ ಇಳಿಸಿದಳು, ತೊಟ್ಟಿಯ ಹತ್ತಿರ ಹೋಗಿ ಡಬ್ಬಿಯನ್ನು ತಾನೇ ಎತ್ತಿ ಹಿಂದೆಯೇ ಬಂದ ರಂಜಿತಾಳ ಕೈಗೆ ಕೊಟ್ಟಳು, ನೀಲಿ ಕಣ್ಣು ಆರಿತ್ತು, ತೊಟ್ಟಿಯ ಕಟ್ಟೆಯ ಮೇಲೆ ಅದು ಕೂತಿದ್ದ ಜಾಗದಲ್ಲೇ ನಿಂತಳು, ಗುಡ್ಡದ ಅರ್ಧದಲ್ಲಿ ಮಂದೆ ಮುದ್ದೆಯಾಗಿ ನಿಂತಿತ್ತು, ಎದುರಿಗೆ ಕರಿ, ಗಂಡ ಅವಳ ಮುಖವನ್ನೇ ನೋಡುತ್ತಿದ್ದಾನೆ, ತಲೆಯ ಮೇಲಿಂದ ಹಿಂದಕ್ಕಲ್ಲ, ಅವಳ ಮುಖವನ್ನೇ. ಹುರ್ಯಾ ಅಂದಳು. ಕರಿಯ ಹರಿದ ಕಿವಿ ನಿಂತಿತು, ಎರಡೂ ತುಂಡು. ಬಾಬಾಬಾ ಅಂದಳು, ಕಿವಿ ಹಿಂದಕ್ಕೆ ಹೋಗಿ ತಲೆಗೆ ಅಂಟಿತು, ಹೀಗೆ ಅಂಟಿದ್ದನ್ನು ಅವಳು ಈಗಷ್ಟೇ ನೋಡಿದ್ದಾಳೆ, ಕಂಬಳಿಯ ಸಂದಿಯಿಂದ, ಇಲ್ಲ, ಡಬ್ಬಿ ಇಲ್ಲಿಲ್ಲ, ನಾನು, ಕರಿ, ನಾನೇ ಕಣೇ, ಬೋ — ದನಿ ಸೀಳಿತು, ಕರಿ ಮೈ ತಿರುಗಿಸಿತು, ಮಂದೆ ತಿರುಗಿತು, ಬಾಲಗಳು, ದೂಳು, ಇನ್ನೂ ಜೋರಾಗಿ ಕೂಗಿದಳು, ಜೋರಾದಷ್ಟೂ ದೂರ, ಹೊಲಕ್ಕಲ್ಲ, ಡಬ್ಬಿಗಲ್ಲ, ಅವು ಭಯ ಕಟ್ಟಿಕೊಂಡದ್ದು ಈ ಕೂಗಿಗೆ, ಬಾಯಿಂದ ಬರುತ್ತಿರುವ ಇದಕ್ಕೇ, ಆ ಕಿವಿ, ತಲೆಗೆ ಅಂಟಿದ ಆ ಕಿವಿ, ಅರಿಶಿನ ಎಣ್ಣೆ ಹಚ್ಚಿದ ಕಿವಿ, ಕಿವಿ.

ಜುಂಜಣ್ಣ ನಾಯಿಯನ್ನು ಬಿಟ್ಟು ಗುಡ್ಡ ಬಳಸಿ ಮಂದೆಯನ್ನು ತೊಟ್ಟಿಗೆ ಇಳಿಸಿದ. ಅವು ನೀರು ಕುಡಿದು ಮುಗಿಸುವವರೆಗೆ ಬಾಯಿ ತೆಗೀಬ್ಯಾಡ ಎಂದು ಹೆಂಡತಿಗೆ ಹೇಳಿದ. ಅವಳು ತೆಗೆಯಲಿಲ್ಲ.