ಮನೆಯಲ್ಲೇ ಕೆಲಸಕ್ಕೆ ಕೂತ ಅಳಿಯ

ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಭೂಮಾಪನ ಕಚೇರಿಯ ನಕ್ಷೆಗಾರ ಅರ್ಜಿ ಹಾಕಿದಾಗ ಇಡೀ ವಿಭಾಗ ಹುಬ್ಬೇರಿಸಿತು. ಸರ್ಕಾರ ಆ ಸೌಲಭ್ಯ ಕೊಟ್ಟದ್ದು ಹೆಂಗಸರಿಗೆ ಎಂದೇ ಎಲ್ಲರೂ ತಿಳಿದಿದ್ದರು.

"ಏನ್ರೀ, ಮನೆ ಅಳಿಯ ಆಗ್ಬಿಟ್ರಾ?" ಎಂದ ಪಕ್ಕದ ಮೇಜಿನವನು.

"ಇಲ್ಲಪ್ಪ, ಅತ್ತೇನೇ ನಮ್ಮನೇಗೆ ಬಂದಿದಾರೆ."

ಅತ್ತೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿ ಮಗಳ ಮನೆಗೆ ಬಂದಿದ್ದರು. ಮಗಳದು ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳಿಗೆ ಚೀಟಿ ಕೊಡುವ ಕೆಲಸ; ಆ ಕೌಂಟರನ್ನು ಮನೆಗೆ ಹೊತ್ತು ತರುವಂತಿರಲಿಲ್ಲ. ಗಂಡನ ನಕ್ಷೆಗಳಾದರೋ ಕಂಪ್ಯೂಟರಿನಲ್ಲೇ ಇದ್ದವು. ಹಾಗಾಗಿ ಅವನೇ ಮನೆಯಲ್ಲಿ ಕೂತ.

ಆದರೆ ಅತ್ತೆಗೆ ಸಂಕೋಚ. ಅಳಿಯ ಬಾಗಿಲಲ್ಲಿ ಕಂಡರೆ ಸಾಕು, ನೋವು ನುಂಗಿಕೊಂಡು ನೆಟ್ಟಗೆ ಕೂರುತ್ತಿದ್ದರು. ನೀರು ಬೇಕಾ ಎಂದರೆ ಬೇಡ. ಸ್ವಲ್ಪ ನಡೀತೀರಾ ಎಂದರೆ "ಮಗಳು ಬರ್ಲಿ ಬಿಡಿ." ಮಗಳು ಬರುವ ಹೊತ್ತಿಗೆ ಕಾಲು ಮರಗಟ್ಟಿರುತ್ತಿತ್ತು.

ಒಂದು ಮಧ್ಯಾಹ್ನ ಅವನು ಮೇಲಧಿಕಾರಿಯ ಆನ್‌ಲೈನ್ ಸಭೆಯಲ್ಲಿದ್ದಾಗ ಒಳಗೆ ಧಡ್ಡೆಂದು ಸದ್ದಾಯಿತು. ಮೈಕನ್ನೂ ಆರಿಸದೆ ಓಡಿದ. ಅತ್ತೆ ಹಿಡಿದು ನಡೆಯುವ ವಾಕರ್ ನೆಲಕ್ಕೆ ಬಿದ್ದಿತ್ತು. ಅತ್ತೆ ಕಿಟಕಿಯ ಸರಳು ಹಿಡಿದು ನಡುಗುತ್ತಿದ್ದರು.

"ಕರೀಬಾರದಾ ಅತ್ತೆ?"

"ನೀವು ಸಾಹೇಬ್ರ ಹತ್ರ ಮಾತಾಡ್ತಿದ್ರಲ್ಲ... ಬಚ್ಚಲಿಗೆ ಹೋಗ್ಬೇಕಿತ್ತು. ನಿಮ್ಮನ್ನ ಕರೀಬೇಕಾಗುತ್ತೆ ಅಂತ ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ."

ಅವನಿಗೆ ಸಿಟ್ಟು ಬಂತು. ಬಿದ್ದ ವಾಕರನ್ನು ಎತ್ತಿ ಬದಿಗಿಟ್ಟ.

"ಮತ್ತೆ ನಾನು ಮನೇಲಿ ಕೂತಿರೋದು ಯಾತಕ್ಕೆ? ಬನ್ನಿ, ಹೆಗಲು ಹಿಡ್ಕೊಳ್ಳಿ."

ಬಚ್ಚಲವರೆಗೆ ನಡೆಸಿಕೊಂಡು ಹೋಗಿ, ಹೊರಗೆ ಬೆನ್ನು ತಿರುಗಿಸಿ ನಿಂತ.

"ಆಯ್ತಾ ಅತ್ತೆ?"

"ಇನ್ನೂ ಇಲ್ಲ. ತಿರುಗ್ಬೇಡಿ!"

ಕಂಪ್ಯೂಟರಿನ ಮುಂದೆ ಮರಳಿದಾಗ ಮೈಕು ಇನ್ನೂ ತೆರೆದೇ ಇತ್ತು. ಎಲ್ಲರೂ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮೇಲಧಿಕಾರಿ ಕೇಳಿದರು:

"ಪೆಟ್ಟಾಯ್ತೇನ್ರೀ ಅವರಿಗೆ?"

"ಇಲ್ಲ ಸಾರ್, ಮಲಗಿಸಿ ಬಂದೆ. ಗಡಿಕಲ್ಲಿನ ವಿಷಯ ಹೇಳ್ತಿದ್ರಿ."

ಸಭೆ ಮುಂದುವರಿಯಿತು.

ಅಂದಿನಿಂದ ಅತ್ತೆ ಕರೆಯತೊಡಗಿದರು. ಮೊದಮೊದಲು ಕೆಮ್ಮುತ್ತಿದ್ದರು, ಆಮೇಲೆ "ಅಳಿಯಂದ್ರೇ" ಎಂದು ಬಾಯಿ ಬಿಟ್ಟೇ ಕರೆದರು. ಊಟಕ್ಕೆ ಮುಂಚೆ ಇಬ್ಬರೂ ನಡುಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. "ನಿಧಾನ ಮಾರಾಯ್ರೆ, ಜಮೀನು ಅಳೆಯೋ ಹಾಗೆ ಹೆಜ್ಜೆ ಹಾಕ್ತೀರಲ್ಲ!" ಎಂದು ಗದರಿಸುವಷ್ಟು ಸಲಿಗೆಯೂ ಬಂತು.

ಅನುಮತಿಯ ಅವಧಿ ಮುಗಿಯುವ ಹೊತ್ತಿಗೆ ಅತ್ತೆ ಕೋಲೂರಿಕೊಂಡು ಬೀದಿಯ ತಿರುವಿನವರೆಗೆ ಹೋಗಿಬರುತ್ತಿದ್ದರು. ನಕ್ಷೆಗಾರ ಕಚೇರಿಗೆ ಮರಳಿದ. ಪ್ರತಿ ಬುಧವಾರ ಮಾತ್ರ ಮನೆಯಲ್ಲಿರಲು ಮತ್ತೆ ಅರ್ಜಿ ಕೊಟ್ಟ. ಅಂದು ಅತ್ತೆಯನ್ನು ಕಾಲಿನ ವ್ಯಾಯಾಮಕ್ಕೆ ಕರೆದೊಯ್ಯಬೇಕಿತ್ತು. ಮೇಲಧಿಕಾರಿ ಓದಿ, ಕೂಡಲೇ ಸಹಿ ಹಾಕಿದರು.