ಬಾಲಪ್ಪ ಬೋಟಿಗೆ ನೀರು ಕಟ್ಟಿದ್ದು

"ತಲಿ ನೆಟ್ಟಗೈತೇನಲೇ ನಿಂದು? ಬೋಟಿನ ಒಳಗ ಯಾರರ ನೀರು ಕಟ್ತಾರೇನು?"

"ಸಿಮೆಂಟ್ ಹಾಕಿದ ಮ್ಯಾಲೆ ನೀರು ಕಟ್ಟಬೇಕು. ಒಂದು ವಾರ ಬೋಟ್ ಮುಟ್ಟಬ್ಯಾಡ ಅಂತ ಬಡಕೊಂಡೆ. ನೀ ಎಲ್ಲಿ ಕೇಳಿದಿ?"

ಕಾಣಕೋಣದ ಸಮುದ್ರದಂಡೆಯಲ್ಲಿ ಮುಸ್ತಾಕ ಮತ್ತು ಬಾಲಪ್ಪ ಹೀಗೆ ಕೂಗಾಡುವಾಗ, ಮುಸ್ತಾಕನ ಬೋಟು ಹವಳದ ದಿಬ್ಬದ ಪಕ್ಕದಲ್ಲಿ ಮೂತಿಯನ್ನಷ್ಟೇ ಮೇಲೆ ಮಾಡಿಕೊಂಡು ನಿಂತಿತ್ತು. ಉಳಿದದ್ದೆಲ್ಲ ನೀರಿನಡಿ.

ಬಾಲಪ್ಪ ಗೌಂಡಿ. ಕಲಂಗುಟ್‌ನಿಂದ ಇಲ್ಲಿಯವರೆಗೆ ಅವನು ಕಟ್ಟಿದ ನೀರಿನ ಟಾಕಿ ಒಂದೂ ಸೋರಿಲ್ಲ. ಅವನದೇ ಊರಿನ ಮುಸ್ತಾಕ, ಪ್ರವಾಸಿಗಳನ್ನು ಸಮುದ್ರದ ತಳಕ್ಕೆ ಇಳಿಸಿ ಹವಳ ತೋರಿಸುವವನು. ಬೋಟಿನ ತಳ ಬಿರುಕು ಬಿಟ್ಟಾಗ ಫೈಬರ್ ಕೆಲಸದವನನ್ನು ಕರೆಯುವ ಬದಲು ಗೆಳೆಯನನ್ನು ಕರೆದ. ಇದು ಅವನ ತಪ್ಪು. ಬಾಲಪ್ಪ ಸಿಮೆಂಟು ಮೆತ್ತಿ, ಸುತ್ತ ಮಣ್ಣಿನ ಒಡ್ಡು ಹಾಕಿ, ಮನೆಯ ಸ್ಲ್ಯಾಬಿಗೆ ನಿಲ್ಲಿಸುವಂತೆ ನೀರು ನಿಲ್ಲಿಸಿದ.

ವಾರ ತುಂಬುವ ಮೊದಲೇ ಗಿರಾಕಿಗಳು ಬಂದರು, ಮುಸ್ತಾಕ ಬೋಟು ಬಿಟ್ಟ. ಸಿಮೆಂಟು ಒಣಗಿದರೆ ಸೀಳುತ್ತದೆಂದು ಬಾಲಪ್ಪನೂ ಬಕೆಟ್ಟು ಹಿಡಿದು ಹತ್ತಿದ. ಗಿರಾಕಿಗಳು ಗಾಬರಿಯಿಂದ ನೀರು ಹೊರಗೆ ಚೆಲ್ಲಿದರು. ಇವನು ಅವರನ್ನು ಬೈದುಕೊಳ್ಳುತ್ತ ಮತ್ತೆ ತುಂಬಿದ. ಮುಸ್ತಾಕ ಹಿಂದೆ ಇಂಜಿನ್ನಿನ ಸದ್ದಿನಲ್ಲಿ ಸಿನಿಮಾ ಹಾಡು ಹೇಳುತ್ತ ಕೂತಿದ್ದ. ದಿಬ್ಬ ಮುಟ್ಟುವ ಹೊತ್ತಿಗೆ ತೆರೆಗಳೂ ಬಾಲಪ್ಪನ ಪಾರ್ಟಿ ಸೇರಿದವು.

ಗಿರಾಕಿಗಳಿಗೆ ಏನೂ ಆಗಲಿಲ್ಲ. ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಮುಳುಗಲಿಕ್ಕೆಂದೇ ಬಂದವರು, ಆರಾಮಾಗಿ ಮುಳುಗಿದರು. ಬಾಲಪ್ಪನೊಬ್ಬನೇ ಪಟ್ಟಾಪಟ್ಟಿ ಚಡ್ಡಿಯಲ್ಲಿ ತೇಲುಬುರುಡೆಯನ್ನು ತಬ್ಬಿಕೊಂಡು, ಮೀನುಗಾರರ ದೋಣಿ ಬರುವವರೆಗೆ ಎಲ್ಲ ದೇವರನ್ನೂ ಕರೆದ.

ಈಗ ಅವನಿಗೆ ಬೋಟಿನ ಚಿಂತೆ ಇರಲಿಲ್ಲ. ಬಾಲಪ್ಪನ ಸಿಮೆಂಟು ಸೋರಿತು ಎಂಬ ಸುದ್ದಿ ಕಲಂಗುಟ್ ಮುಟ್ಟಿದರೆ ಟಾಕಿ ಕಟ್ಟಲು ಯಾವ ಮಗ ಕರೆಯುತ್ತಾನೆ?

"ಲೇ ಮುಸ್ತ್ಯಾ, ಕೆಳಗಿಂದ ಒಂದು ಹನಿ ಬಂದಿದ್ರ ನನ್ನ ಮೀಸಿ ಬೋಳಸು. ನೀರು ಮ್ಯಾಲಿಂದ ಬಂದೈತಿ."

"ಮ್ಯಾಲಿಂದ ಹಾಕಿದಾಂವ ಯಾರು?"

"ಅದು ಬ್ಯಾರೆ ಮಾತು."

ಮುಸ್ತಾಕನ ಮಗಳು ಜಾಸ್ಮೀನ ಪ್ರವಾಸಿಗಳಿಗೆ ಸಮುದ್ರದಲ್ಲಿ ಮುಳುಗುವುದನ್ನು ಕಲಿಸುವವಳು. ಇಬ್ಬರ ಬಾಯಿಯನ್ನೂ ಮುಚ್ಚಿಸಲು ಅವಳೇ ಕೆಳಗಿಳಿದು ನೋಡಿ ಬಂದಳು.

"ಕಾಕಾ, ನಿಮ್ಮ ತ್ಯಾಪಿ ಗಟ್ಟಿ ಐತ್ರಿ. ಬಡದ ನೋಡಿದೆ, ಅಳ್ಳಾಡಲಿಲ್ಲ."

ಬಾಲಪ್ಪನ ಎದೆ ಉಬ್ಬಿತು. ಎಳನೀರಿನವನನ್ನು ಕರೆದು, ಅಲ್ಲೇ ಮಲಗಿದ್ದ ಬಿಳಿ ಹೆಂಗಸನ್ನೂ ಎಬ್ಬಿಸಿ ಹೇಳಿದ, "ಕೇಳಿದ್ರೇನ್ರಿ? ಗಟ್ಟಿ ಐತಂತ." ಆಕೆ ಮಾಲೀಷು ಬೇಡವೆಂದು ಕೈಯಾಡಿಸಿದಳು.

ಅಷ್ಟರಲ್ಲಿ ಹವಳ ಕಾಯುವ ಅರಣ್ಯ ಇಲಾಖೆಯ ಗಾರ್ಡು ಬಂದ. ಹವಳದ ಮೇಲೆ ಬೋಟು ಎಳೆದರೆ ಕೇಸು, ಮೇಲಕ್ಕೇ ಎತ್ತಬೇಕು, ಇವತ್ತೇ ಎತ್ತಬೇಕು ಎಂದು ಹೇಳಿ ನೆರಳಿಗೆ ಹೋಗಿ ಕೂತ.

"ಖಾಲಿ ಡ್ರಮ್ ಕಟ್ಟಿ ಎತ್ತೂಣು," ಅಂದಳು ಜಾಸ್ಮೀನ. "ಆದ್ರ ಎತ್ತೂ ಮುಂದ ಒಳಗಿನ ನೀರು ಇಳಿಯಾಕ ತೂತು ಬೇಕು. ಆ ತ್ಯಾಪಿ ಒಡೀಬೇಕ್ರಿ ಕಾಕಾ."

"ಬ್ಯಾರೆ ಕಡೆ ಹೊಡೀರಿ. ಬೋಟ್ ಭಾಳ ದೊಡ್ಡದೈತಿ."

"ನನ್ನ ಬೋಟಿಗೆ ಇನ್ನೊಂದು ತೂತಾ?" ಮುಸ್ತಾಕ ಚೀರಿದ.

"ಒಡದ ತ್ಯಾಪಿ ನೋಡಿದ ಮಂದಿ ಏನಂತಾರ? ಬಾಲಪ್ಪಂದು ಒಡದಿತ್ತು, ಅದಕ್ಕ ಮುಳುಗಿತು ಅಂತಾರ. ನೀ ಮನಿಮನಿಗೆ ಹೋಗಿ ತಿಳಿಸಿ ಹೇಳ್ತೀಯೇನು?"

"ಹೇಳ್ತೇನಿ. ನಮ್ಮ ಬಾಲ್ಯಾ ಬಕೆಟ್ ತಗೊಂಡು ಮುಳುಗಿಸಿದಾ ಅಂತ ಹೇಳ್ತೇನಿ."

ದಂಡೆಯೆಲ್ಲ ನಕ್ಕಿತು. ಗಾರ್ಡೂ ನಕ್ಕ. ಮುಸ್ತಾಕ ಸುತ್ತಿಗೆ, ಚಾಣ ತಂದು ಬಾಲಪ್ಪನ ಮುಂದೆ ಹಿಡಿದ. "ನಿನ್ನ ಕೈಯಾರೆ ಒಡದು ಕೊಡು. ಇಲ್ಲಾ, ನಾ ಒಡೀತೇನಿ."

ಬಾಲಪ್ಪ ಎರಡನ್ನೂ ಇಸಿದುಕೊಂಡ. ಒಪ್ಪಿದನೆಂದು ಜಾಸ್ಮೀನ ನಿಟ್ಟುಸಿರು ಬಿಟ್ಟಳು. ಅವನು ಅವನ್ನು ಟವೆಲಿನಲ್ಲಿ ಸುತ್ತಿ, ಚೀಲಕ್ಕೆ ತುರುಕಿ, ಮರಳು ತುಳಿಯುತ್ತ ರಸ್ತೆಯತ್ತ ನಡೆದ.

"ಲೇ ಬಾಲ್ಯಾ, ಸುತ್ತಿಗಿ ನಂದಲೇ."

ಬಾಲಪ್ಪ ತಿರುಗಲಿಲ್ಲ. ಸಿಕ್ಕ ಬಸ್ಸು ಹತ್ತಿದ. ಕಂಡಕ್ಟರು ಎಲ್ಲಿಗೆಂದು ಕೇಳಿದ.

"ಸಮುದ್ರ ಇಲ್ಲದ ಕಡೆ ಕೊಡ್ರಿ."

ಕಂಡಕ್ಟರು ಘಟ್ಟದ ಬುಡದ ಮೊಲೆಂಗೆ ಚೀಟಿ ಹರಿದುಕೊಟ್ಟ. ಆಮೇಲೆ ಬಾಲಪ್ಪ ಕಾಣಕೋಣಕ್ಕೆ ಕಾಲಿಡಲಿಲ್ಲ.