ಲಂಬು ತೆಗೆದ ಫೋಟೋ

ದಿಂಬಿನ ಕವರುಗಳ ಅಂಚಿನಲ್ಲಿ ಉಳಿದ ದಾರದ ತುದಿಗಳನ್ನು ನಾನೂ ಅಣ್ಣನೂ ಕತ್ತರಿಸುತ್ತಿದ್ದೆವು. ಅಮ್ಮನ ಹೊಲಿಗೆ ಮಷೀನು ಓಡುತ್ತಿತ್ತು.

ಅಣ್ಣ ಎಂಜಿನಿಯರಿಂಗನ್ನು ಎರಡನೇ ಸೆಮಿಸ್ಟರಿನಲ್ಲೇ ಬಿಟ್ಟು ಮನೆ ಸೇರಿದ್ದ. ಗಣಿತದಲ್ಲಿ ಫೇಲಾದದ್ದು ಎಲ್ಲರಿಗೂ ಗೊತ್ತಿದ್ದ ಕಾರಣ. ಇನ್ನೊಂದನ್ನು ನನ್ನ ಹತ್ತಿರ ಮಾತ್ರ ಹೇಳಿದ್ದ: "ಅಷ್ಟು ದಿನ ಕ್ಲಾಸಿಗೆ ಹೋಗ್ಲಿಲ್ಲ ಕಣೇ. ಇವನೆಲ್ಲಿ ಅಂತ ಒಂದು ನಾಯಿನೂ ಕೇಳ್ಲಿಲ್ಲ."

ಆಮೇಲೆ ಅವನ ಕ್ಲಾಸಿನ ಲಂಬು ಬರತೊಡಗಿದ. ನಮ್ಮ ಬಾಗಿಲಿಗೆ ತಲೆ ತಗ್ಗಿಸಬೇಕಾದಷ್ಟು ಉದ್ದ. ಭಾನುವಾರ ಬಂದು ಗಣಿತ ಹೇಳಿಕೊಡುವನು, ಅಮ್ಮ ಬಡಿಸಿದ್ದನ್ನೆಲ್ಲ ತಿನ್ನುವನು. ಅಮ್ಮನಿಗೆ ಅವನೆಂದರೆ ಪಂಚಪ್ರಾಣ. ಅಣ್ಣ ಗಡ್ಡ ಬೋಳಿಸಿದ. ಸೋಮವಾರದಿಂದ ಕಾಲೇಜಿಗೆ ಹೋಗುತ್ತೇನೆಂದ.

ನನಗೆ ಸಮಾಧಾನವಿರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದಾಗ ಅಣ್ಣ ಒಮ್ಮೆಯೂ ಹೇಳಿರದ ಗೆಳೆಯ ಈಗ ಎಲ್ಲಿಂದ ಉದುರಿದ? ಹೊರಡುವಾಗಲೆಲ್ಲ ಅಣ್ಣನ ಹೆಗಲ ಮೇಲೆ ಕೈ ಹಾಕಿ, ಹಲ್ಲು ಕಿರಿದು ಫೋಟೋ ತೆಗೆಯುತ್ತಿದ್ದ. ಚೆನ್ನಾಗಿ ಬಂತೇ ಎಂದು ನೋಡುತ್ತಲೂ ಇರಲಿಲ್ಲ. ಯಾರಿಗೋ ಕಳಿಸಿ ಫೋನನ್ನು ಜೇಬಿಗಿಳಿಸುತ್ತಿದ್ದ.

ಈ ಭಾನುವಾರವೂ ಊಟ ಮುಗಿಸಿ ಫೋನು ತೆಗೆದ.

"ಇವಳು ಪೊಲೀಸರ ಥರ ನೋಡ್ತಾಳಲ್ಲ, ಆಂಟಿ?"

"ಅವಳು ಹಂಗೇ ಕಣಪ್ಪ. ಹಾಲಿನವನನ್ನೂ ಹಂಗೇ ನೋಡೋದು," ಎಂದಳು ಅಮ್ಮ. ಎಲ್ಲರೂ ನಕ್ಕರು.

"ಫೋಟೋ ಯಾರಿಗೆ ಕಳಿಸ್ತೀರ?" ಎಂದೆ.

ನಗು ನಿಂತಿತು.

"ಯಾರಿಗೂ ಇಲ್ಲ... ಸುಮ್ನೆ."

"ತೋರಿಸಿ."

"ಏಯ್, ಬಾಯಿ ಮುಚ್ಚೇ," ಎಂದು ಅಣ್ಣ ಗದರಿದ. ಆದರೆ ಅವನೂ ಲಂಬುವಿನ ಮುಖವನ್ನೇ ನೋಡುತ್ತಿದ್ದ.

"ಮೇಡಂಗೆ," ಎಂದ ಲಂಬು. "ಬಿಟ್ಟು ಹೋದವರನ್ನ ವಾಪಸ್ ಕರ್ಕೊಂಡು ಬನ್ನಿ ಅಂತ ಕಾಲೇಜಲ್ಲಿ ನಮಗೆಲ್ಲ ಒಬ್ಬೊಬ್ಬರನ್ನ ಹಂಚಿದ್ರು. ಮನೆಗೆ ಹೋಗಿದ್ದಕ್ಕೆ ಫೋಟೋ ಕಳಿಸಿದ್ರೆ ಇಂಟರ್ನಲ್ ಮಾರ್ಕ್ಸು."

"ನಿನ್ನ ಪಾಲಿಗೆ ನಾನು ಬಿದ್ದೆ," ಎಂದ ಅಣ್ಣ.

"ಮೊದ್ಲು ಹಂಗೇನೇ. ಎರಡು ಸಲ ಬಂದ್ರೆ ಮಾರ್ಕ್ಸು ಮುಗೀತು ಕಣೋ. ಆಮೇಲೆ ಬಂದಿದ್ದೆಲ್ಲ ನಾನಾಗೇ."

"ಹಂಗಾದ್ರೆ ಇವತ್ತೂ ಯಾಕೆ ಫೋನ್ ತೆಗೆದ್ರಿ?" ಎಂದೆ.

ಲಂಬು ಫೋನನ್ನು ಜೇಬಿಗಿಳಿಸಿದ. ನಿಜಕ್ಕೆ ಮಾತು ಹುಡುಕುತ್ತಿದ್ದನೋ ಸುಳ್ಳಿಗೋ, ನನಗೆ ತಿಳಿಯಲಿಲ್ಲ. ಅಣ್ಣ ಎದ್ದು ಹೋಗಿ ಕಿಟಕಿಯ ಹತ್ತಿರ ನಮಗೆ ಬೆನ್ನು ಹಾಕಿ ನಿಂತ. ಅಮ್ಮ ಮಾತ್ರ ಲಂಬುವನ್ನು ಬಿಟ್ಟು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಬಾಗಿಲಲ್ಲಿ ಚಪ್ಪಲಿ ಮೆಟ್ಟಿದ ಲಂಬು ಹೊರಡಲಿಲ್ಲ.

"ನಾಳೆ ಬಾರೋ. ನನ್ನ ಪಕ್ಕ ಜಾಗ ಹಿಡಿದಿರ್ತೀನಿ."

ಅಣ್ಣ ತಿರುಗಲಿಲ್ಲ. ಲಂಬು ನನ್ನ ಕಡೆ ನೋಡಿದ. ಒಮ್ಮೆ ಕೇಳಿದ, ಮತ್ತೆ ಕೇಳಿದ:

"ನೀನಾದ್ರೂ ಹೇಳಮ್ಮ, ನಾಳೆ ಬಾ ಅಂತ."